ಬಿಗಿಯುವ ಮುನ್ನ

ಹಳೆಯ ಕಾರಿನಿಂದ ಬಿಚ್ಚಿದ ಕಾರ್ಬುರೇಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಳಕ್ಕೆ ಅಂಟಿದ ಗ್ಯಾಸ್ಕೆಟ್ ಚೂರುಗಳನ್ನು ಕೆರೆದು, ದಪ್ಪನೆಯ ಗಾಜಿನ ಮೇಲೆ ನಿಲ್ಲಿಸಬೇಕು. ಹಿಂದಿನಿಂದ ಟಾರ್ಚ್ ಹಿಡಿಯಬೇಕು. ನಟ್ಟು ಕೂರುವ ಎರಡು ಕಿವಿಗಳು ಗಾಜಿಗೆ ತಾಗಿರುತ್ತವೆ. ಅವುಗಳ ನಡುವೆ ಬೆಳಕಿನ ತೆಳುವಾದ ಗೆರೆಯೊಂದು ಹೆಚ್ಚಿನ ಸಲ ಕಾಣಿಸುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನ ಆ ಗೆರೆ ಇರಲಿಲ್ಲ. ತಳವನ್ನು ಸಮತಟ್ಟು ಮಾಡಿಯೇ ಕಳಿಸಿದ್ದರು. ಕಾರು ಕೈಯಿಂದ ಕೈಗೆ ಹೋಗುತ್ತ, ಯಾವ ಯಾವುದೋ ಊರಿನ ಗ್ಯಾರೇಜುಗಳಲ್ಲಿ ನಿಲ್ಲುತ್ತ, ಪ್ರತಿ ಸಲವೂ ಯಾರೋ ಒಬ್ಬರು ‘ಸಡಿಲ ಆಗದಿರಲಿ’ ಎಂದು ಸ್ಪ್ಯಾನರಿಗೆ ಇನ್ನಷ್ಟು ಭಾರ ಹಾಕಿದ್ದರಿಂದ ಮೂಡಿದ ಗೆರೆ ಅದು.

ಎರಡು ಸ್ಟಡ್‌ಗಳ ಮೇಲೆ ಕೂರುವ ಕಾರ್ಬುರೇಟರಿನ ಕಷ್ಟವೇ ಇದು. ನಡುವೆ ಗಾಳಿ ಹೋಗುವ ಗಂಟಲು, ಆಚೆಗೊಂದು ಈಚೆಗೊಂದು ಕಿವಿ. ಕೆಳಗೆ ಗ್ಯಾಸ್ಕೆಟ್. ನಡುವೆ ಕಲ್ಲಿಟ್ಟ ಹಲಗೆಯ ಎರಡು ತುದಿಗೂ ಜನ ಕೂತರೆ ತುದಿಗಳು ಹೇಗೆ ಬಾಗುತ್ತವೆಯೋ ಹಾಗೆ, ನಟ್ಟು ಅತಿಯಾಗಿ ಬಿಗಿದಂತೆ ಕಿವಿಗಳು ಕೆಳಕ್ಕೆ ಬಾಗುತ್ತವೆ. ಕಾರ್ಬುರೇಟರಿನ ಮೈ ಸತುವಿನ ಮಿಶ್ರಲೋಹದ್ದು. ಅಚ್ಚಿನಲ್ಲಿ ಎರಕ ಹೊಯ್ದರೆ ಸಣ್ಣ ಸಣ್ಣ ದಾರಿಗಳೂ ಅಚ್ಚುಕಟ್ಟಾಗಿ ಮೂಡುವ ಲೋಹ ಅದು. ಅದಕ್ಕೇ ಅದನ್ನು ಆರಿಸಿದ್ದು. ಆದರೆ ಸದಾ ಒತ್ತಡದಲ್ಲಿಟ್ಟು ಕಾಯಿಸುತ್ತಿದ್ದರೆ ಅದು ನಿಧಾನವಾಗಿ, ವರ್ಷಗಟ್ಟಲೆ, ಸರಿಯುತ್ತಲೇ ಇರುತ್ತದೆ. ಎಂಜಿನ್ನಿನ ಬಿಸಿಯಷ್ಟೇ ಅದಕ್ಕೆ ಸಾಕು. ಹಾಗಾಗಿ ಅತಿ ಬಿಗಿ ಮಾಡಿದವನಿಗೆ ತಾನು ಮಾಡಿದ್ದು ಆ ದಿನ ಕಾಣುವುದಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತದೆ, ಅವನು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ತಳ ಬಾಗುವುದು ಅವನು ಮರೆತ ಮೇಲೆ.

ನನ್ನ ಮನಸ್ಸಿನಲ್ಲಿರುವ ಕಾರು ಅಂಬಾಸಿಡರ್. 1957ರಿಂದ 2014ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದದ್ದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೈಯನ್ನೇ ತೊಟ್ಟು ಬಂದದ್ದು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನು ಕರ್ನಾಟಕದ ಘಟ್ಟಗಳನ್ನು ಹತ್ತಿಳಿದಷ್ಟು ಸಲ ಬೇರೆ ಯಾವ ಎಂಜಿನ್ ಹತ್ತಿಳಿದಿರಲಿಕ್ಕಿಲ್ಲ. ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೊರಟ ಬಸುರಿ, ಎಲೆಕ್ಷನ್ ಪ್ರಚಾರ, ಅಡಿಕೆ ಮಂಡಿಯ ಸಾಹುಕಾರರು, ಎಲ್ಲರನ್ನೂ ಹೊತ್ತಿದ್ದು ಅದೇ. ಆ ಎಂಜಿನ್ನಿನ ಮೇಲೆ ಕೂತು ಉಸಿರಿಗೂ ಇಂಧನಕ್ಕೂ ಲೆಕ್ಕ ಇಡುವುದು ಕಾರ್ಬುರೇಟರ್.

ಆ ಲೆಕ್ಕ ಎಂಥದು ಎನ್ನುವುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದು ಅಷ್ಟಾಗಿ ತಟ್ಟುವುದಿಲ್ಲ. ಅಳತೆಯಲ್ಲಿ ಹೇಳಿದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಒಂದು ಸಣ್ಣ ಕೋಣೆಯ ತುಂಬ ಗಾಳಿ ಒಂದು ಬಾಟಲಿ ಪೆಟ್ರೋಲಿನ ಜೊತೆ ಸೇರಬೇಕು. ಸೇರುವುದು ಎರಡು ಬೆರಳಗಲದ ಗಂಟಲಿನಲ್ಲಿ. ಗಂಟಲು ನಡುವಿನಲ್ಲಿ ಕಿರಿದಾಗುತ್ತದೆ. ಅಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಇಟಲಿಯ ವೆಂಚೂರಿ ಎಂಬ ವಿಜ್ಞಾನಿ 18ನೇ ಶತಮಾನದ ಕೊನೆಯಲ್ಲಿ ನೀರಿನ ಹರಿವಿನಲ್ಲಿ ಗಮನಿಸಿ ಬರೆದದ್ದು ಇದನ್ನೇ. ಒತ್ತಡ ಇಳಿದ ಜಾಗಕ್ಕೆ ಜೆಟ್ಟಿನಿಂದ ಪೆಟ್ರೋಲ್ ತಾನಾಗಿ ಮೇಲೇರಿ ಬರುತ್ತದೆ. ಅಲ್ಲಿ ಪಂಪಿಲ್ಲ, ವಿದ್ಯುತ್ತಿಲ್ಲ, ಲೆಕ್ಕ ಹಾಕುವ ಮೆದುಳಿಲ್ಲ. ಗಾಳಿ ಎಷ್ಟು ಹೋಯಿತೋ ಅದಕ್ಕೆ ತಕ್ಕಷ್ಟು ಪೆಟ್ರೋಲ್. ಮನುಷ್ಯ ಮಾಡಿದ ಸಾಧನಗಳಲ್ಲಿ ನನಗೆ ಇದರಷ್ಟು ಪ್ರಿಯವಾದವು ಕಡಿಮೆ.

ಆದರೆ ಒಂದು ಮಿತಿ ಇದೆ, ಅದರ ಸುತ್ತಲೇ ಈ ಬರಹ. ತನ್ನ ಗಂಟಲಿನ ಮೂಲಕ ಹೋದ ಗಾಳಿ ಮಾತ್ರ ಕಾರ್ಬುರೇಟರಿಗೆ ಗೊತ್ತು. ಕೆಳಗಿನ ಸಂದಿನಿಂದ ನುಸುಳಿದ ಗಾಳಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಆ ಗಾಳಿಗೆ ಯಾರೂ ಪೆಟ್ರೋಲ್ ಕೊಟ್ಟಿರುವುದಿಲ್ಲ.

ಗಾಡಿ ಜೋರಾಗಿ ಓಡುವಾಗ ಇದು ಅಷ್ಟಾಗಿ ಬಾಧಿಸದು. ಒಳಗೆ ಹೋಗುವ ಗಾಳಿಯ ಪ್ರವಾಹದಲ್ಲಿ ಸಂದಿನ ಗಾಳಿ ಮುಳುಗಿ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಆಗ ಥ್ರಾಟಲಿನ ಬಿಲ್ಲೆ ಪೂರ್ತಿ ಮುಚ್ಚಿದಂತೆಯೇ ಇರುತ್ತದೆ. ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ, ಗಾಳಿಗೆ ದಾರಿ ಇಲ್ಲ. ಕಾರ್ಬುರೇಟರಿನಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಒಳಗೆ ಒತ್ತಡ ಹೊರಗಿನದಕ್ಕಿಂತ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕಾರ್ಬುರೇಟರಿನ ತಳದಲ್ಲಿ ಎರಡು ಸೆಂಟಿಮೀಟರ್ ಉದ್ದ, ಒಂದು ಮಿಲಿಮೀಟರಿನ ಹತ್ತನೇ ಒಂದಂಶ ಎತ್ತರದ ಸಂದಿದ್ದರೆ ಸಾಕು: ಲೆಕ್ಕ ಹಾಕಿ ನೋಡಿದರೆ ಎಂಜಿನ್ ಉಸಿರಾಡುವ ಗಾಳಿಯ ಸುಮಾರು ಹತ್ತನೇ ಒಂದು ಪಾಲು ಅಲ್ಲಿಂದಲೇ ನುಗ್ಗಬಲ್ಲದು. ಟಾರ್ಚಿನ ಬೆಳಕು ದಾಟಿದ ಆ ಗೆರೆ ಇಷ್ಟು ದೊಡ್ಡದು.

ಇಲ್ಲಿಂದ ಗೋಳು ಶುರು. ಎಂಜಿನ್ ನಡುಗುತ್ತದೆ, ನಿಂತುಬಿಡುತ್ತದೆ. ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುತ್ತಾರೆ. ಮಿಕ್ಸ್ಚರ್ ಸ್ಕ್ರೂ ಇನ್ನೊಂದು ಸುತ್ತು ಬಿಚ್ಚಿ ಪೆಟ್ರೋಲ್ ಹೆಚ್ಚಿಸುತ್ತಾರೆ. ನಿಂತಾಗ ಸರಿಯಾಯಿತು, ಆದರೆ ಆಕ್ಸಿಲರೇಟರ್ ಒತ್ತುವಾಗ ತಡವರಿಸುತ್ತದೆ, ಕಾರ್ಬುರೇಟರಿನ ಬಾಯಿಂದ ‘ಫಟ್’ ಎಂದು ಕೆಮ್ಮುತ್ತದೆ. ಜೆಟ್ ಬದಲಿಸುತ್ತಾರೆ. ಡಿಸ್ಟ್ರಿಬ್ಯೂಟರ್ ಅಲುಗಿಸಿ ಟೈಮಿಂಗ್ ಬದಲಿಸುತ್ತಾರೆ. ಕಡೆಗೆ ಯಾರಿಗೋ ‘ಏರ್ ಎಳೀತಿದೆ’ ಎಂದು ಹೊಳೆಯುತ್ತದೆ. ಸರಿಯಾಗಿಯೇ ಹೊಳೆದದ್ದು. ಕೂಡಲೇ ಸ್ಪ್ಯಾನರ್ ತೆಗೆದುಕೊಂಡು ನಟ್ಟುಗಳನ್ನು ಇನ್ನೂ ಬಿಗಿಯುತ್ತಾರೆ. ಕಿವಿಗಳು ಇನ್ನೂ ಬಾಗುತ್ತವೆ. ಯಾವುದರಿಂದ ಸಂದು ಹುಟ್ಟಿತೋ ಅದನ್ನೇ ಮದ್ದೆಂದು ಕೊಟ್ಟಂತಾಯಿತು. ಹಳೆಯ ಎಂಜಿನ್ನುಗಳ ಮುಂದೆ ಕೂತಾಗಲೆಲ್ಲ ನನ್ನನ್ನು ಕಾಡುವುದು ಈ ಸುಳಿ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಪ್ರತಿಯೊಬ್ಬರೂ ಕಾಳಜಿಯಿಂದಲೇ ಬಿಗಿದಿದ್ದಾರೆ.

ಬಿಗಿ ಎನ್ನುವುದರ ಬಗ್ಗೆ ನಮ್ಮ ಕೈಗೆ ಒಂದು ನಂಬಿಕೆ ಇದೆ: ಸ್ಪ್ಯಾನರಿಗೆ ಎಷ್ಟು ಬಲ ಹಾಕಿದೆವೋ ಅಷ್ಟೂ ಹಿಡಿತವಾಗಿ ಒಳಗೆ ಸೇರಿತು ಎಂದು. ಹಾಗಲ್ಲ. ನಟ್ಟು ತಿರುಗಿಸಲು ಹಾಕಿದ ಬಲದಲ್ಲಿ ಸುಮಾರು ಅರ್ಧ ಭಾಗ ನಟ್ಟಿನ ಮುಖ ವಾಶರಿನ ಮೇಲೆ ಉಜ್ಜುವುದರಲ್ಲೇ ಕಳೆದುಹೋಗುತ್ತದೆ. ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ಉಜ್ಜಾಟದಲ್ಲಿ. ಉಳಿಯುವ ಸುಮಾರು ಹತ್ತನೇ ಒಂದು ಪಾಲು ಮಾತ್ರ ಸ್ಟಡ್ಡನ್ನು ಕಣ್ಣಿಗೆ ಕಾಣದಷ್ಟು ಹಿಗ್ಗಿಸುತ್ತದೆ. ಆ ಹಿಗ್ಗಿದ ಸ್ಟಡ್ ಮರಳಿ ಕುಗ್ಗಲು ಎಳೆಯುವುದೇ ಹಿಡಿತ. ಅಂದರೆ ಕೈಗೆ ‘ಬಿಗಿಯಾಯಿತು’ ಎಂದು ತಿಳಿಯುವುದು ಬಹುಪಾಲು ಉಜ್ಜಾಟದ ಸುದ್ದಿ, ಹಿಡಿತದ್ದಲ್ಲ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ನಟ್ಟು ಇನ್ನೂ ಕೂರುವ ಮೊದಲೇ ಕೈಗೆ ಭಾರವಾಗುತ್ತದೆ. ಎಣ್ಣೆ ಸೋಕಿದ ಥ್ರೆಡ್ಡಿನಲ್ಲಿ ಕೈಗೆ ಹಗುರವೆನಿಸಿದರೂ ಒಳಗೆ ಎಳೆತ ಮಿತಿ ಮೀರಿರಬಹುದು.

ಇದು ತಿಳಿದ ಮೇಲೆ ‘ನನ್ನ ಕೈಗೆ ಅಂದಾಜಿದೆ’ ಎನ್ನುವ ಮಾತನ್ನು ನಾನು ಮೊದಲಿನಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅನುಭವಿ ಮೇಸ್ತ್ರಿಗಳ ಕೈಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ ಕೈಯ ಅಂದಾಜು ನಂಬಲು ಯೋಗ್ಯವಾಗುವುದು ಥ್ರೆಡ್ ಶುಚಿಯಾಗಿದ್ದಾಗ, ವಾಶರ್ ಚಪ್ಪಟೆಯಾಗಿದ್ದಾಗ, ತಳ ಸಮವಾಗಿದ್ದಾಗ. ಒಳ್ಳೆಯ ಮೇಸ್ತ್ರಿಯನ್ನು ಗಮನಿಸಿದರೆ ಅವರು ಹೊತ್ತು ಕಳೆಯುವುದೂ ಅಲ್ಲಿಯೇ. ವೈರ್ ಬ್ರಶ್ಶಿನಿಂದ ಸ್ಟಡ್ ಉಜ್ಜುತ್ತ, ನಟ್ಟನ್ನು ಬೆರಳಿನಿಂದಲೇ ಕೊನೆಯವರೆಗೆ ಓಡಿಸಿ ನೋಡುತ್ತ, ಎಲ್ಲಾದರೂ ತಡೆದರೆ ಮತ್ತೆ ಬಿಚ್ಚುತ್ತ. ಸ್ಪ್ಯಾನರ್ ಕೈಗೆ ಬರುವುದು ಕಡೆಯಲ್ಲಿ, ಅದೂ ಚಿಕ್ಕದು. ಉದ್ದ ಹಿಡಿಯ ಸ್ಪ್ಯಾನರನ್ನು ಕಾರ್ಬುರೇಟರಿನ ಹತ್ತಿರ ತರಲು ಬಿಡದವರನ್ನೂ ನೋಡಿದ್ದೇನೆ.

ತಳ ಸಮ ಮಾಡುವ ಕೆಲಸ ನೋಡಲು ಏನೂ ಅಲ್ಲ. ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಕಾರ್ಬುರೇಟರಿನ ತಳವನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಆಡಿಸುವುದು. ಒತ್ತಬಾರದು, ಅದರದೇ ಭಾರ ಸಾಕು. ನಾಲ್ಕಾರು ಸುತ್ತಾದ ಮೇಲೆ ತಿರುಗಿಸಿ ನೋಡಿದರೆ ಕಿವಿಗಳ ತುದಿ ಮಾತ್ರ ಹೊಳೆಯುತ್ತಿರುತ್ತದೆ, ಗಂಟಲಿನ ಸುತ್ತ ಮಂಕಾಗಿಯೇ ಇರುತ್ತದೆ. ಎಷ್ಟು ಬಾಗಿದೆ ಎನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ಆಡಿಸುತ್ತಿದ್ದಂತೆ ಹೊಳಪು ತುದಿಯಿಂದ ಒಳಕ್ಕೆ ಹಬ್ಬುತ್ತ ಬರುತ್ತದೆ, ಕಡೆಗೆ ಗಂಟಲಿನ ಸುತ್ತ ಎಲ್ಲೂ ಮುರಿಯದ ಒಂದು ಉಂಗುರವಾಗುತ್ತದೆ. ಬಹಳ ಬಾಗಿದ್ದರೆ ಇಷ್ಟರಿಂದ ಆಗದು, ಮಿಲ್ಲಿಂಗ್ ಮಾಡುವವರ ಹತ್ತಿರ ಒಯ್ಯಬೇಕು. ಮ್ಯಾನಿಫೋಲ್ಡಿನ ಮುಖವನ್ನೂ ಸ್ಟೀಲ್ ಸ್ಕೇಲ್ ಇಟ್ಟು ನೋಡಲೇಬೇಕು. ಎರಡರಲ್ಲಿ ಒಂದು ಸಮವಿದ್ದು ಪ್ರಯೋಜನವಿಲ್ಲ. ಈ ಉಜ್ಜುವಿಕೆಯಲ್ಲಿ ಹೋಗುವುದು ಪುಡಿಯಷ್ಟು ಲೋಹ. ಅಷ್ಟನ್ನು ಕಳೆದುಕೊಳ್ಳದೆ ಹಿಂದಿನವರ ಬಿಗಿ ಬಿಡುವುದಿಲ್ಲ.

ಬೇಸರದ ಸಂಗತಿ ಎಂದರೆ ಇದಕ್ಕೆ ಯಾರೂ ಹಣ ಕೊಡಲು ಒಪ್ಪುವುದಿಲ್ಲ. ‘ಹೊಸ ಗ್ಯಾಸ್ಕೆಟ್ ಹಾಕಿ ಟೈಟ್ ಮಾಡಿದೆ’ ಎಂದರೆ ಗಿರಾಕಿ ತಲೆಯಾಡಿಸುತ್ತಾನೆ. ‘ಬೆಳಗ್ಗೆಯಿಂದ ತಳ ಉಜ್ಜಿದೆ’ ಎಂದರೆ ಬಿಲ್ಲಿನಲ್ಲಿ ಅದಕ್ಕೊಂದು ಸಾಲಿಲ್ಲ. ಹಾಗಾಗಿ ಗ್ಯಾಸ್ಕೆಟ್ಟಿನ ಮೇಲೆ ಗ್ಯಾಸ್ಕೆಟ್ ಕೂರಿಸಿ, ಸಾಲದ್ದಕ್ಕೆ ಸಿಲಿಕಾನ್ ಪೇಸ್ಟ್ ಬಳಿದು ಕಳಿಸುತ್ತಾರೆ. ಎರಡೂ ಕೆಡುಕು. ಮೆತ್ತನೆಯ ಗ್ಯಾಸ್ಕೆಟ್ ದಪ್ಪವಾದಷ್ಟೂ ಕಿವಿಗಳಿಗೆ ಬಾಗಲು ಜಾಗ ಹೆಚ್ಚು. ಸಿಲಿಕಾನ್ ಪೆಟ್ರೋಲ್ ತಗುಲಿದರೆ ಉಬ್ಬಿ ಬಿಟ್ಟುಕೊಳ್ಳುತ್ತದೆ, ಚೂರುಗಳು ಒಳಗೆ ಸೇರುತ್ತವೆ. ಸಮವಾದ ತಳಕ್ಕೆ ತೆಳುವಾದ ಒಣ ಗ್ಯಾಸ್ಕೆಟ್ ಸಾಕು.

ಗ್ಯಾಸ್ಕೆಟ್ ಮೆತ್ತಗಿರಲಿ, ಅದರ ಜೊತೆ ಕೂರುವ ಗಟ್ಟಿ ತುಂಡಿನದು ಬೇರೆ ಕಥೆ. ಬೇಕಲೈಟಿನದೋ ಫೈಬರಿನದೋ ಆ ದಪ್ಪ ತುಂಡು ಶಾಖ ತಡೆಯುವುದಕ್ಕಾಗಿ ಇರುವುದು. ಅಂಬಾಸಿಡರ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬುರೇಟರಿನ ಕೆಳಗೇ ಹೊಗೆಯ ಮ್ಯಾನಿಫೋಲ್ಡ್ ಕೆಂಡದಂತೆ ಕಾಯುತ್ತಿರುತ್ತದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಏಪ್ರಿಲ್ ಬಿಸಿಲಿನಲ್ಲಿ ಪೂರ್ತಿ ಜನ ತುಂಬಿಕೊಂಡು ಹತ್ತಿದ ಗಾಡಿ ಮೇಲೆ ಹೋಗಿ ನಿಂತರೆ ಮತ್ತೆ ಸ್ಟಾರ್ಟ್ ಆಗದೆ, ಫ್ಯುಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತ ಕೂತವರ ನೆನಪು ಘಟ್ಟದ ಎರಡೂ ಕಡೆ ಇದೆ. ಪೆಟ್ರೋಲ್ ಕೊಳವೆಯೊಳಗೇ ಆವಿಯಾದಾಗ ಆಗುವುದು ಅದು. ಕಾರ್ಬುರೇಟರ್ ಬಿಚ್ಚಿದಾಗ ಆ ಫೈಬರ್ ತುಂಡು ಬಿರಿದಿತ್ತೆಂದು ಎಸೆದು, ಅದರ ಬದಲು ಎರಡು ಕಾಗದದ ಪ್ಯಾಕಿಂಗ್ ಇಟ್ಟು ಕೂರಿಸಿದ ಗಾಡಿಗಳಲ್ಲಿ ಈ ತೊಂದರೆ ಹೆಚ್ಚುತ್ತದೆ. ಬಿರಿದಿದ್ದೇಕೆ ಎಂದು ಕೇಳಿದರೆ ಮತ್ತೆ ಅದೇ ಉತ್ತರ: ಬಾಗಿದ ತಳವನ್ನು ಅದರ ಮೇಲೆ ಬಲವಂತವಾಗಿ ಎಳೆದು ಕೂರಿಸಿದ್ದರಿಂದ.

ಕೂರಿಸುವ ಕ್ರಮದಲ್ಲಿ ಅವಸರಕ್ಕೆ ಎಡೆಯಿಲ್ಲ. ಸ್ಟಡ್ ಮ್ಯಾನಿಫೋಲ್ಡಿನಲ್ಲಿ ಅಲುಗದೆ ನಿಂತಿದೆಯೇ ಎಂದು ಮೊದಲು ನೋಡಬೇಕು. ಅಲುಗಿದರೆ ಅದರ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಅವುಗಳ ಮೂಲಕ ಸ್ಟಡ್ಡನ್ನೇ ತಿರುಗಿಸಿ ಕೂರಿಸುತ್ತಾರೆ. ಥ್ರೆಡ್ ಹೋಗಿದ್ದರೆ ಇನ್ನೂ ಒಂದು ಸಲ ನಡೆಯಬಹುದು ಎಂದುಕೊಳ್ಳದೆ ಹೊಸ ಥ್ರೆಡ್ ಕಟ್ಟಿಸಬೇಕು. ಆಮೇಲೆ ಗ್ಯಾಸ್ಕೆಟ್, ಫೈಬರ್ ತುಂಡು, ಮತ್ತೆ ಗ್ಯಾಸ್ಕೆಟ್, ಅದರ ಮೇಲೆ ಕಾರ್ಬುರೇಟರ್. ಕಾರ್ಬುರೇಟರ್ ತನ್ನ ಭಾರದಿಂದಲೇ ಕೆಳಗಿಳಿದು ಕೂರಬೇಕು. ಸ್ಟಡ್ಡಿಗೆ ತಗುಲಿ ಓರೆಯಾಗಿ ನಿಂತರೆ ನಟ್ಟಿನಿಂದ ಎಳೆದು ನೇರ ಮಾಡುವ ಆಸೆ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ಎರಡೂ ನಟ್ಟುಗಳನ್ನು ಬೆರಳಿನಿಂದ ಓಡಿಸಿ, ಆಮೇಲೆ ಅತ್ತ ಕಾಲು ಸುತ್ತು, ಇತ್ತ ಕಾಲು ಸುತ್ತು. ಒಂದು ಕಡೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಮೊದಲನೆಯ ಕಿವಿಯೇ ಕೀಲಾಗಿ ಇಡೀ ತಳ ಓರೆಯಾಗುತ್ತದೆ. ಕಾಲಿಂಚಿಗಿಂತ ತುಸು ದಪ್ಪದ ಇಂಥ ಸ್ಟಡ್ಡುಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಹತ್ತರಿಂದ ಹದಿನೈದು ಅಡಿ-ಪೌಂಡಿನಷ್ಟು ಬಿಗಿ. ಆಯಾ ಕಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಚಕ್ರದ ನಟ್ಟು ಬಿಗಿದು ಪಳಗಿದ ಕೈಗೆ ಇದು ಬಿಗಿಯೇ ಅಲ್ಲವೆನಿಸುತ್ತದೆ. ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಕೆಲಸ ಕಲಿತು ಬಂದ ಹುಡುಗರು ಟಾರ್ಕ್ ರೆಂಚ್ ತೆಗೆದಾಗ ಹಳಬರು ಕೆಲವರು ನಗುತ್ತಾರೆ. ನಾನು ಹುಡುಗರ ಪಕ್ಷ. ತಳ ಸಮವಿಲ್ಲದೆ ಆ ರೆಂಚೂ ಏನನ್ನೂ ಉಳಿಸದು, ನಿಜ. ಆದರೆ ಎಲ್ಲಿ ನಿಲ್ಲಬೇಕೆಂದು ಭಯಕ್ಕೆ ಬಿಡದೆ ಅಂಕಿಗೆ ಬಿಡುವುದು ಒಳ್ಳೆಯ ಅಭ್ಯಾಸ.

ಕೂರಿಸಿದ ಮೇಲೆ ಇನ್ನೂ ನಾಲ್ಕು ಕಡೆ ಗಾಳಿಗೆ ದಾರಿ ಇರುತ್ತದೆ: ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್, ಸವೆದ ಥ್ರಾಟಲ್ ಶಾಫ್ಟಿನ ಎರಡು ತುದಿ, ಮ್ಯಾನಿಫೋಲ್ಡ್ ಎಂಜಿನ್ನಿಗೆ ಸೇರುವ ಜಾಗ. ಸ್ಪ್ರೇ ಹೊಡೆದು ಎಂಜಿನ್ನಿನ ಸದ್ದು ಬದಲಾಗುತ್ತದೆಯೇ ಎಂದು ನೋಡುವ ರೂಢಿ ಇದೆ. ಕೆಳಗೆ ಕಾದ ಮ್ಯಾನಿಫೋಲ್ಡ್ ಇರುವಾಗ ಬೆಂಕಿ ಹತ್ತುವ ದ್ರವ ಎರಚುವುದು ನನಗೆ ಒಪ್ಪಿಗೆಯಿಲ್ಲ. ಉದ್ದನೆಯ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ತಳದ ಸುತ್ತ ಮೆಲ್ಲಗೆ ಆಡಿಸಿದರೆ ಸಂದಿರುವ ಕಡೆ ‘ಸ್ಸ್’ ಎಂಬ ಎಳೆತ ಸ್ಪಷ್ಟವಾಗಿ ಕೇಳುತ್ತದೆ. ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಚೆನ್ನ. ಆರೋಗ್ಯವಾದ ಎಂಜಿನ್ ಐಡ್ಲಿಂಗಿನಲ್ಲಿ ಮಂಗಳೂರಿನ ಸಮುದ್ರ ಮಟ್ಟದಲ್ಲಿ ಪಾದರಸದ ಅಳತೆಯಲ್ಲಿ 18ರಿಂದ 20 ಇಂಚು ತೋರಿಸಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಎಂಜಿನ್ ಮೂರು ಇಂಚಿನಷ್ಟು ಕಡಿಮೆ ತೋರಿಸುತ್ತದೆ. ಗಾಳಿಯೇ ಅಲ್ಲಿ ಹತ್ತನೇ ಒಂದು ಪಾಲು ತೆಳು. ಇದನ್ನು ಮರೆತು, ಸೋರುತ್ತಿದೆ ಎಂದು ಮತ್ತೆ ನಟ್ಟಿಗೆ ಕೈ ಹಾಕಬಾರದು.

ಈಗಿನ ಪೆಟ್ರೋಲ್ ಇನ್ನೊಂದು ಸಂಗತಿಯನ್ನು ಸೇರಿಸಿದೆ. ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆತದ್ದು. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುತ್ತದೆ, ಹಾಗಾಗಿ 14.7ರ ಜಾಗದಲ್ಲಿ ಸುಮಾರು 13.5 ಕಿಲೋ ಗಾಳಿ ಸಾಕು. ಹಳೆಯ ಜೆಟ್ಟಿನ ಕಾರ್ಬುರೇಟರಿಗೆ ಇದು ತಿಳಿಯದು. ಅದು ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತದೆ, ಗಾಳಿ ಮಿಕ್ಕಿ ಮಿಶ್ರಣ ಸಂದಿಲ್ಲದೆಯೇ ಬಡವಾಗುತ್ತದೆ. ತಳದಲ್ಲಿ ಸಂದೂ ಇದ್ದರೆ ಎರಡು ಬಡತನ ಸೇರುತ್ತವೆ. ಮೊದಲು ಹೇಗೋ ಸುಧಾರಿಸಿಕೊಂಡು ಓಡುತ್ತಿದ್ದ ಎಷ್ಟೋ ಹಳೆಯ ಗಾಡಿಗಳು ಈಚೆಗೆ ತಡವರಿಸತೊಡಗಿದ್ದಕ್ಕೆ ಪೆಟ್ರೋಲೊಂದೇ ಕಾರಣವಲ್ಲ. ಬಾಗಿದ ತಳ ಮೊದಲೇ ಅಲ್ಲಿತ್ತು, ಈಗ ಹೊರಬಿತ್ತು ಎಂದು ನನ್ನ ಅನಿಸಿಕೆ. ಎಥೆನಾಲ್ ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನಲ್ಲಿ ಬಿಳಿ ಪುಡಿ ಕಂಡರೆ ಅದು ಸತು ಸವೆಯುತ್ತಿರುವುದರ ಗುರುತು. ನಿಲ್ಲಿಸುವ ಮುನ್ನ ಬೌಲ್ ಖಾಲಿ ಮಾಡುವುದು, ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸುವುದು ಈಗ ಬಿಟ್ಟರೆ ನಡೆಯದ ಕೆಲಸ. ಕಾದ ಮ್ಯಾನಿಫೋಲ್ಡಿನ ಮೇಲೆ ಒಂದು ಮೆತ್ತಗಾದ ಪೈಪ್ ಸಾಕು, ಇಡೀ ಕಾರು ಹೋಗುತ್ತದೆ.

ಕೊನೆಯಲ್ಲಿ ಮಿಕ್ಸ್ಚರ್ ಸ್ಕ್ರೂ. ಅದರ ಮೊನೆ ಸೂಜಿಯಂತಿರುವುದು. ಕೂರುವ ಜಾಗ ಮೆತ್ತಗಿನದು. ತಾಗಿತು ಎಂದು ತಿಳಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡುವುದು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಸದ್ದು ಎಲ್ಲಿ ಅತ್ಯಂತ ಸಮವಾಗಿ, ತುಂಬಿಕೊಂಡಂತೆ ಬರುತ್ತದೋ ಅಲ್ಲಿ ಬಿಡುವುದು. ತಳ ಕೂತ ಕಾರಿನಲ್ಲಿ ಈ ಸ್ಕ್ರೂ ಮಾತು ಕೇಳುತ್ತದೆ: ಕಾಲು ಸುತ್ತು ಆಡಿಸಿದರೆ ಎಂಜಿನ್ ಕೂಡಲೇ ಉತ್ತರ ಕೊಡುತ್ತದೆ. ಗಾಳಿ ನುಸುಳುವ ಕಾರಿನಲ್ಲಿ ಎಷ್ಟು ತಿರುಗಿಸಿದರೂ ಏನೋ ಒಂದು ಅಸ್ಪಷ್ಟತೆ ಉಳಿಯುತ್ತದೆ. ಟ್ಯೂನಿಂಗ್ ಬರುವುದಿಲ್ಲ ಎಂದು ಕೈಚೆಲ್ಲಿದ ಎಷ್ಟೋ ಜನ ಸ್ಕ್ರೂ ಆಡಿಸುವುದರಲ್ಲಿ ಸೋತವರಲ್ಲ; ಅವರಿಗೆ ಸಿಕ್ಕಿದ ತಳವೇ ಸರಿ ಇರಲಿಲ್ಲ.

ಮಾರನೆಯ ದಿನ, ಎಂಜಿನ್ ಪೂರ್ತಿ ತಣ್ಣಗಿರುವಾಗ, ನಟ್ಟುಗಳನ್ನು ಅದೇ ಅಂಕಿಗೆ ಇನ್ನೊಮ್ಮೆ ನೋಡಬೇಕು. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ತುಸು ಕುಗ್ಗಿರುತ್ತದೆ, ನಟ್ಟು ಸ್ವಲ್ಪ ತಿರುಗುವುದು ಸಹಜ. ಎರಡನೆಯ ಸಲ ತಿರುಗಬಾರದು. ತಿರುಗಿದರೆ ಬಿಚ್ಚಿ ಮತ್ತೆ ಗಾಜಿನ ಮೇಲಿಡುವುದೊಂದೇ ದಾರಿ. ಎಲ್ಲ ಸರಿ ಇದ್ದರೆ ಏರ್ ಕ್ಲೀನರಿನ ಮುಚ್ಚಳದ ಒಳಮೈ ಮೇಲೆ ಮಾರ್ಕರ್ ಪೆನ್ನಿನಿಂದ ನಾಲ್ಕು ಸಂಗತಿ ಬರೆಯುತ್ತೇನೆ: ತಾರೀಖು, ತಳ ಉಜ್ಜಿ ಸಮ ಮಾಡಿದೆ ಎನ್ನುವುದು, ನಟ್ಟು ಬಿಗಿದ ಅಂಕಿ, ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತಿನಲ್ಲಿ ನಿಂತಿದೆ ಎನ್ನುವುದು. ಮುಂದೆ ಆ ಮುಚ್ಚಳ ಬಿಚ್ಚುವವರು ಯಾರೋ ತಿಳಿಯದು. ಸ್ಪ್ಯಾನರ್ ತೆಗೆಯುವ ಮೊದಲು ಅವರ ಕಣ್ಣಿಗೆ ಅದು ಬೀಳಲಿ.